ಹೊಳೆ ಮೆಟ್ಟಿಲಿನ ಹೊಸ ರೂಪ

ಹೋದ ವಾರ ರಾಣೆಬೆನ್ನೂರಿನಲ್ಲಿ ಒಂದು ಗೃಹಪ್ರವೇಶಕ್ಕೆ ಹೊರಟಿದ್ದೆ. ಬಸ್ಸು ಹರಿಹರ ದಾಟಿ ಸೇತುವೆ ಮೇಲೆ ಬಂದಾಗ ಮುಂದೆ ಒಂದು ಲಾರಿ ಕೆಟ್ಟು ನಿಂತು, ನಮ್ಮ ಬಸ್ಸೂ ನಿಂತಿತು. ಕಿಟಕಿ ತೆರೆದಿತ್ತು. ಕೆಳಗಿನಿಂದ ಹೊಸ ನೀರಿನ ವಾಸನೆ ಬಂತು. ಬೇಸಿಗೆಯಲ್ಲಿ ಬತ್ತಿದ ಹೊಳೆಗೆ ಮೇಲಿನ ಸೀಮೆಯ ಕೆಂಪು ನೀರು ಮೊದಲ ಸಲ ಇಳಿದಾಗ ಒಂದು ವಾಸನೆ ಏಳುತ್ತದಲ್ಲ, ಮಣ್ಣು, ಕೊಳೆತ ಎಲೆ, ಸ್ವಲ್ಪ ಮೀನು ಎಲ್ಲ ಸೇರಿದ್ದು, ಅದೇ. ಪಕ್ಕದಲ್ಲಿದ್ದಾಕೆ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನಾನು ಮಾತ್ರ ಕತ್ತು ಹೊರಗೆ ಚಾಚಿ, ದಂಡೆಯ ಕಲ್ಲಿನ ಮೆಟ್ಟಿಲು ಎಷ್ಟು ಕಾಣುತ್ತವೆ ಎಂದು ಎಣಿಸತೊಡಗಿದೆ. ಅಷ್ಟು ದೂರದಿಂದ ಲೆಕ್ಕ ಸರಿಯಾಗಿ ಸಿಗಲಿಲ್ಲ. ಇಪ್ಪತ್ತರ ಮೇಲಂತೂ ಇದ್ದವು. ಸದ್ಯ, ಎಂದುಕೊಂಡು ಕೂತೆ.

ಆ ಮೆಟ್ಟಿಲು ಎಣಿಸುವ ಚಟ ನನಗೆ ಹಿಡಿದದ್ದು ಒಂದು ಮಳೆಗಾಲದಲ್ಲಿ. ಬರಿ ಚಟವಲ್ಲ, ಶಿಕ್ಷೆ ಎಂದರೂ ನಡೆಯುತ್ತದೆ. ಬರುವಾಗ ಹರಿಹರದಲ್ಲಿ ಇಳಿದು ಹೋಗಬೇಕು ಎಂದು ಅಲ್ಲೇ ತೀರ್ಮಾನ ಮಾಡಿದೆ.

ನನ್ನದು ದಾವಣಗೆರೆಯಲ್ಲಿ, ಕೋರ್ಟಿನ ಹತ್ತಿರದ ಗಲ್ಲಿಯಲ್ಲಿ ಒಂದು ಡಿಟಿಪಿ ಅಂಗಡಿ. ಅರ್ಜಿ, ಬಾಡಿಗೆ ಕರಾರು, ಲಗ್ನಪತ್ರಿಕೆ, ತಿಥಿ ಕಾರ್ಡು ಎಲ್ಲ ಟೈಪ್ ಮಾಡುತ್ತೇನೆ. ಮನೆ ಆವರಗೆರೆಯಲ್ಲಿ. ಸಿಟ್ಟು ಮೂಗಿನ ತುದಿಯಲ್ಲಿರುವ ಹೆಂಗಸು ಎಂದು ಗಲ್ಲಿಯಲ್ಲಿ ಹೆಸರಿದೆ, ಸುಳ್ಳೇನಲ್ಲ. ದಸ್ತಗೀರ್ ಚಾಚಾ ನನ್ನ ಅಂಗಡಿಗೆ ಮೊದಲ ಸಲ ಬಂದದ್ದು ಅವರ ಪೆನ್ಷನ್ನಿನ ಒಂದು ಅರ್ಜಿ ಬರೆಸಲು. ಹರಿಹರದ ಕಾರ್ಖಾನೆಯಲ್ಲಿ ಬಹಳ ವರ್ಷ ಕಬ್ಬಿಣ ಕಡೆಯುವ ಲೇತ್ ಯಂತ್ರ ನಡೆಸಿ ನಿವೃತ್ತರಾದವರು. ಅರ್ಜಿ ಬರೆಸಿ ಎದ್ದವರು ಬಾಗಿಲಲ್ಲಿ ನಿಂತು, "ಬೇಟಾ, ದಿನಾ ಒಂದು ನಾಕು ಸಾಲು ಬರದು ಎಲ್ಲಾರಿಗೂ ಕಾಣೋ ಹಂಗೆ ಇಡೋಕೆ ಏನಾರ ದಾರಿ ಐತೇನು?" ಎಂದು ಕೇಳಿದ್ದರು.

ಏನು ಬರೆಯುತ್ತೀರಿ ಎಂದರೆ, ಹೊಳೆಯ ನೀರು ಎಂದರು. ನನಗೆ ನಗು ಬಂತು. ಆಮೇಲೆ ಅವರು ವಿವರಿಸಿದಾಗ ನಗು ನಿಂತಿತು. ಅವರ ಓಣಿ ಹೊಳೆ ದಂಡೆಗೆ ತಗ್ಗಿನಲ್ಲಿದೆ. ಓಣಿಯ ಹಿಂದೆ ಸ್ವಲ್ಪ ನಡೆದರೆ ಹಳೆಯ ಕಲ್ಲಿನ ಮೆಟ್ಟಿಲು, ಒಟ್ಟು ಮೂವತ್ತೊಂದು. ನೀರು ಏರಿದಂತೆ ಕೆಳಗಿನವು ಒಂದೊಂದಾಗಿ ಮುಳುಗುತ್ತವೆ. ಮೇಲಿನಿಂದ ಎಷ್ಟು ಕಾಣುತ್ತವೆ ಎಂದು ಚಾಚಾ ದಿನಾ ಬೆಳಿಗ್ಗೆ ಎಣಿಸುತ್ತಿದ್ದರು. ಏಳು ಉಳಿದರೆ ಓಣಿಯವರು ಸಾಮಾನು ಕಟ್ಟಬೇಕು, ನಾಲ್ಕು ಉಳಿದರೆ ಮನೆ ಬಿಡಬೇಕು. ಇದು ಓಣಿಯಲ್ಲಿ ಅವರ ಅಪ್ಪನ ಕಾಲದಿಂದ ಬಂದ ಕ್ರಮ. ವಾಟ್ಸಾಪಿನಲ್ಲೇ ಹಾಕಬಹುದಲ್ಲ ಎಂದರೆ ಅವರು ಒಪ್ಪಲಿಲ್ಲ. "ವಾಟ್ಸಾಪ್ ಗಾಳಿಗೆ ಹೋಗ್ತೈತೆ. ನನಗೆ ರಿಜಿಸ್ಟರ್ ಬೇಕು. ಹೋದ ವರ್ಷ ಇವತ್ತು ಎಷ್ಟಿತ್ತು ಅಂತ ತಿರುವಿ ನೋಡಂಗಿರಬೇಕು" ಎಂದರು.

ಹಾಗೆ ಹುಟ್ಟಿದ್ದು 'ಹೊಳೆ ಮೆಟ್ಟಿಲು' ಎಂಬ ಬ್ಲಾಗು. ಚಾಚಾ ತಾವೇ ಟೈಪ್ ಮಾಡಲು ನೋಡಿದರು, ಆಗಲಿಲ್ಲ. ಕಬ್ಬಿಣ ಹಿಡಿದು ಹಿಡಿದು ಬೆರಳ ತುದಿ ಎಷ್ಟು ಗಟ್ಟಿಯಾಗಿತ್ತೆಂದರೆ ಫೋನಿನ ಗಾಜಿಗೆ ಅವರು ಮುಟ್ಟಿದ್ದೇ ತಿಳಿಯುತ್ತಿರಲಿಲ್ಲ. ಅದಕ್ಕೇ ಬೆಳಿಗ್ಗೆ ಆರೂವರೆಗೆ ಮೆಟ್ಟಿಲ ಮೇಲೆ ನಿಂತು ನನಗೆ ಫೋನು ಮಾಡುತ್ತಿದ್ದರು. ಹಲೋ ಇಲ್ಲ, ಹೆಂಗಿದೀಯ ಇಲ್ಲ. "ಬರಕೋ. ಇಪ್ಪತ್ತಾರು ಕಾಣ್ತಾವೆ. ನೀರು ತಿಳಿ. ಗಾಳಿ ಇಲ್ಲ." ಅಷ್ಟೇ. ನಾನು ಒಲೆ ಮೇಲೆ ಉಪ್ಪಿಟ್ಟಿಗೆ ನೀರಿಟ್ಟು, ಅದು ಕುದಿಯುವಷ್ಟರಲ್ಲಿ ಟೈಪ್ ಮಾಡಿ ಏರಿಸಿಬಿಡುತ್ತಿದ್ದೆ. ತಾರೀಖು ಹೇಳಿ ಎಂದು ಮೊದಮೊದಲು ಕೇಳುತ್ತಿದ್ದೆ. "ಅದನ್ನ ಮಷಿನ್ನೇ ಹಾಕ್ತೈತಲ್ಲ? ಮತ್ತೆ ಕೈಯಿಂದ ಯಾಕ ಬರಿಬೇಕು?" ಎಂದು ಬಿಟ್ಟಿದ್ದರು. ನಿಜವೇ. ಬಿಳಿ ಪುಟ, ಹೊಸದು ಮೇಲೆ, ಹಳೆಯದು ಕೆಳಗೆ, ಪ್ರತಿಯೊಂದರ ತಲೆಯ ಮೇಲೂ ನೀಲಿ ಪಟ್ಟಿಯಲ್ಲಿ ತಾರೀಖು. ನೋಡಲು ಏನೂ ಚೆಂದವಿರಲಿಲ್ಲ. ಆದರೆ ಕಣ್ಣು ಮುಚ್ಚಿ ಕೆಲಸ ಮಾಡಬಹುದಿತ್ತು.

ಓಣಿಯ ಬಾಯಲ್ಲಿ ಮಂಜಣ್ಣನ ಚಾ ಅಂಗಡಿ. ಬೆಳಿಗ್ಗೆ ಹಾಲು ಕಾಯುವ ಹೊತ್ತಿಗೆ ಮಂಜಣ್ಣ ಫೋನು ತೆಗೆದು ಮೇಲಿನ ಬರಹವನ್ನು ಗಟ್ಟಿಯಾಗಿ ಓದುತ್ತಿದ್ದ. ಮೇಲಿನದೊಂದೇ. ಓಣಿಗೆ ಅಷ್ಟು ಸಾಕಿತ್ತು. ಚಾ ಕುಡಿಯಲು ಬಂದವರು ಕೇಳಿಕೊಂಡು ಹೋಗಿ ಮನೆಮನೆಗೆ ಹೇಳುತ್ತಿದ್ದರು. ಹೊಳೆ ಕಡೆ ಹೋಗಿ ನೋಡಿಬರುವ ಅಭ್ಯಾಸವನ್ನೇ ಓಣಿ ಬಿಟ್ಟಿತ್ತು. ಚಾಚಾನ ಮಾತಿನ ಮೇಲೆ ಅಷ್ಟು ನಂಬಿಕೆ.

ಇನ್ನು ನನ್ನ ಕೈ. ಕೈ ಸುಮ್ಮನಿರಬೇಕಲ್ಲ!

ಆ ವರ್ಷ ಮುಂಗಾರಿಗೆ ಮೊದಲು ಬ್ಲಾಗು ತೆರೆದಾಗಲೆಲ್ಲ ಮೇಲೊಂದು ಹಳದಿ ಪಟ್ಟಿ ಬರತೊಡಗಿತು. 'ಹೊಸ ರೂಪ ಸಿದ್ಧವಾಗಿದೆ. ಈಗಲೇ ಬದಲಾಯಿಸಿ.' ಚಾಚಾನಿಗೆ ಹೇಳಿದೆ. "ಈಗ ಚಾಲೂ ಐತಿಲ್ಲೋ?" ಎಂದರು. ಐತೆ ಎಂದೆ. "ಹಂಗಾದ್ರೆ ಬ್ಯಾಡ" ಎಂದು ಫೋನಿಟ್ಟರು. ಎರಡು ಮೂರು ವಾರ ಆ ಪಟ್ಟಿಯನ್ನು ಸರಿಸಿ ಸರಿಸಿ ಸಾಕಾಯಿತು. ಆಮೇಲೆ ಒಂದು ಮಧ್ಯಾಹ್ನ ಅಂಗಡಿಗೆ ಯೋಜನಾ ವರದಿ ಬೈಂಡ್ ಮಾಡಿಸಲು ಬಂದ ಒಬ್ಬ ಕಾಲೇಜು ಮೇಷ್ಟ್ರು ನನ್ನ ಪರದೆ ಮೇಲೆ ಬ್ಲಾಗು ಕಂಡು, "ಏನ್ರಿ ಇದು, ಮುತ್ತಜ್ಜನ ಕಾಲದ್ದು! ನೀವು ಕಂಪ್ಯೂಟರ್ ಅಂಗಡಿ ಇಟ್ಟೋರು, ಹಿಂಗಾ ಇಡೋದು?" ಎಂದು ನಕ್ಕ. ನನಗೆ ಮುಖಕ್ಕೆ ಹೊಡೆದಂತಾಯಿತು. ಅವನು ಹೋದ ಮೇಲೆ ಒತ್ತಿಯೇಬಿಟ್ಟೆ. 'ಹಳೆಯ ರೂಪಕ್ಕೆ ಮರಳಲು ಸಾಧ್ಯವಿಲ್ಲ, ಒಪ್ಪಿಗೆಯೇ?' ಎಂದು ಅದು ಕೇಳಿತ್ತು. ಓದದೆಯೇ ಒಪ್ಪಿಗೆ ಎಂದೆ. ದಿನಾ ನೂರು ಜನರ ಕರಾರುಪತ್ರ ಟೈಪ್ ಮಾಡಿ, ಓದಿ ನೋಡಿ ಸಹಿ ಹಾಕ್ರಿ ಎಂದು ಹೇಳುವವಳು ನಾನು.

ಮರುದಿನ ಬೆಳಿಗ್ಗೆ ಚಾಚಾನ ಫೋನು ಬಂತು, ಒಲೆ ಮೇಲೆ ನೀರೂ ಇಟ್ಟೆ, ಬ್ಲಾಗು ತೆರೆದರೆ ಬರೆಯುವ ಜಾಗವೇ ಸಿಗಲಿಲ್ಲ. ಮೊದಲು ಮೇಲೆ ಬಲಗಡೆ ಇದ್ದ ಬಟನ್ ಈಗ ಮೂರು ಚುಕ್ಕಿಯ ಹಿಂದೆ ಅಡಗಿತ್ತು. ಆ ಮೂರು ಚುಕ್ಕಿ ಇನ್ನೊಂದು ಚಿತ್ರದ ಹಿಂದೆ. ಕನ್ನಡದಲ್ಲಿ ಬರೆದಿದ್ದ ಸೂಚನೆಗಳಿಗೆ ತಲೆಬುಡ ಇರಲಿಲ್ಲ, ಯಾವ ಯಂತ್ರದ ಕೈಯಲ್ಲಿ ಬರೆಸಿದ್ದರೋ. ಅರ್ಥವಾಗಲೆಂದು ಇಂಗ್ಲಿಷಿಗೆ ತಿರುಗಿಸಿಕೊಂಡೆ. ಕೊನೆಗೆ ಬರೆದೆ. ಒತ್ತಕ್ಷರಗಳು ಕೆಳಗಿನ ಸಾಲಿನ ತಲೆ ಮೇಲೆ ಕೂತವು. ಪ್ರಕಟಿಸಲು ಹೋದರೆ, ಚಿತ್ರ ಸೇರಿಸುವಿರಾ, ಸ್ನೇಹಿತರಿಗೆ ತಿಳಿಸುವಿರಾ, ಇದು ಯಾವ ವಿಭಾಗ, ಎಂದು ಒಂದೊಂದೇ ಪ್ರಶ್ನೆ. ಏಳು ಸಲ ಒತ್ತಿದ ಮೇಲೆ ಹೋಯಿತು. ಅಷ್ಟರಲ್ಲಿ ಪಾತ್ರೆಯಲ್ಲಿ ನೀರೆಲ್ಲ ಆವಿಯಾಗಿ ತಳ ಹಿಡಿದ ವಾಸನೆ. ಆ ಕಂಪನಿಯವರಿಗೆ ಬಾಯಿಗೆ ಬಂದಂತೆ ಬೈದೆ. ನೀಲಿ ಪಟ್ಟಿ ಮಾಯವಾಗಿತ್ತು. ತಾರೀಖು ಬೇಕೆಂದರೆ ಬರಹದ ಮೇಲೆ ಬೆರಳಿಟ್ಟು ತೆರೆದು, ಕೊನೆಯವರೆಗೆ ಹೋಗಿ ಸಣ್ಣಕ್ಷರದಲ್ಲಿ ಹುಡುಕಬೇಕು. ಅದು ಅವತ್ತೇ ನನ್ನ ಕಣ್ಣಿಗೆ ಬಿದ್ದಿತ್ತು. ಸರಿಮಾಡಿದರಾಯಿತು ಎಂದು ಬಿಟ್ಟೆ.

ಹತ್ತು ಗಂಟೆಗೆ ಚಾಚಾ ಮತ್ತೆ ಫೋನು ಮಾಡಿದರು. "ಏನ್ ಬೇಟಾ, ಮಂಜಣ್ಣ ಹೇಳ್ತಾನೆ, ಪುಟ ಬ್ಯಾರೇನೇ ಕಾಣ್ತೈತಂತೆ?"

ನಿಜ ಹೇಳಲು ಬಾಯಿ ತೆರೆದೆ. ಬಂದದ್ದು ಸುಳ್ಳು. "ಕಂಪನಿಯೋರೇ ಬದಲು ಮಾಡಿಬಿಟ್ಟಾರೆ ಚಾಚಾ. ನಮ್ಮನ್ನ ಕೇಳಲೇ ಇಲ್ಲ."

"ಕೇಳಲೇ ಇಲ್ಲ?" ಎಂದು ಅವರು ಮತ್ತೆ ಕೇಳಿದರು. ಆಮೇಲೆ, "ಬರಕೋ" ಎಂದರು. ಕಂಪನಿಗೆ ದೂರು. ಅವತ್ತಿನಿಂದ ದಿನಾ ಮೆಟ್ಟಿಲ ಲೆಕ್ಕ ಮುಗಿದ ಮೇಲೆ ಒಂದು ದೂರು ಬರೆಸತೊಡಗಿದರು. 'ಮಾನ್ಯರೆ, ನಮ್ಮ ಕಾರ್ಖಾನೆಯಲ್ಲಿ ಯಂತ್ರಕ್ಕೆ ಹೊಸ ಹಿಡಿಕೆ ಹಾಕುವ ಮೊದಲು ಅದನ್ನು ನಡೆಸುವವನನ್ನು ಕರೆದು ಕೇಳುತ್ತಿದ್ದರು. ನೀವು ಯಾರನ್ನು ಕೇಳಿದಿರಿ?' ನಾನು ಒಂದಕ್ಷರ ಬಿಡದೆ ಟೈಪ್ ಮಾಡಿ ಅವರ ಸಹಾಯ ಪುಟಕ್ಕೆ ಹಾಕುತ್ತಿದ್ದೆ. ಪ್ರತಿ ಸಲವೂ ಒಂದೇ ಉತ್ತರ. 'ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದಗಳು. ಈ ಉತ್ತರ ನಿಮಗೆ ಸಹಾಯವಾಯಿತೇ?' ಇಲ್ಲ ಎಂದು ಒತ್ತಿದರೆ ಅದಕ್ಕೂ ಧನ್ಯವಾದ. ಚಾಚಾ ಬಿಡುವವರಲ್ಲ. ಯಾರನ್ನು ಕೇಳಿದಿರಿ ಎಂಬ ಆ ಸಾಲನ್ನು ಪ್ರತಿ ದೂರಿನಲ್ಲೂ ಬರೆಸುತ್ತಿದ್ದರು. ಪ್ರತಿ ಸಲ ಟೈಪ್ ಮಾಡುವಾಗ ನನ್ನ ಕಿವಿ ಬಿಸಿಯಾಗುತ್ತಿತ್ತು. ಆದರೂ ಹೇಳಲಿಲ್ಲ.

ಹೊಸ ರೂಪದಲ್ಲಿ ಇನ್ನೊಂದು ಸಂಗತಿ ಇತ್ತು. ಅದು ಕೆಲವು ದಿನ ಜನ ಏನೇನು ಓದುತ್ತಾರೆಂದು ಲೆಕ್ಕ ಹಾಕಿ, ಎಲ್ಲಕ್ಕಿಂತ ಹೆಚ್ಚು ಓದಿದ ಬರಹವನ್ನು ತಾನೇ ತೆಗೆದು ಪುಟದ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ ಕೂರಿಸುತ್ತದೆ. ಅವತ್ತಿನ ಬರಹ ಅದರ ಕೆಳಗೆ. ಇದು ನನಗೆ ಗೊತ್ತಾಗುವಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು.

ಆಷಾಢದ ಜಿಟಿಜಿಟಿ ಮಳೆ ಹಿಡಿದ ದಿನ. ಚಾಚಾ ಎಂದಿನಂತೆ, "ಹತ್ತೊಂಬತ್ತು. ನೀರು ಕೆಂಪು" ಎಂದರು, ನಾನು ಹಾಕಿದೆ. ಮಂಜಣ್ಣ ಚಾ ಅಂಗಡಿಯಲ್ಲಿ ಫೋನು ತೆರೆದ. ಮೇಲಿದ್ದದ್ದನ್ನು ಗಟ್ಟಿಯಾಗಿ ಓದಿದ. 'ಏಳೇ ಉಳಿದಾವೆ. ನೀರು ಏರ್ತಾ ಐತೆ. ಕಟ್ಟಿಕೊಳ್ರಿ.' ಕೆಲವು ವರ್ಷದ ಹಿಂದೆ ಹೊಳೆ ತುಂಬಿದಾಗ ಚಾಚಾ ಹೇಳಿಸಿದ ಮಾತು ಅದು. ಊರೆಲ್ಲ ಓದಿದ್ದ ಬರಹ, ಅದಕ್ಕೇ ಯಂತ್ರ ಅದನ್ನು ಮೇಲೆ ತಂದು ಕೂರಿಸಿತ್ತು. ತಾರೀಖು ಇರಲಿಲ್ಲ. ಏಳು ಎಂದರೆ ಓಣಿಯಲ್ಲಿ ಯಾರೂ ಎರಡನೆಯ ಮಾತು ಆಡುವುದಿಲ್ಲ. ಆಡಲಿಲ್ಲ.

ನೀರು ಏರುತ್ತಿದೆ ಎಂದ ಮೇಲೆ ನಾಲ್ಕಾಗುವವರೆಗೆ ಕಾಯದೆ, ಒಂದು ತಾಸಿನಲ್ಲಿ ಓಣಿ ಖಾಲಿಯಾಗಿ ಮೇಲಿನ ಶಾಲೆಯ ಪಡಸಾಲೆ ತುಂಬಿತು. ಹಾಲಮ್ಮ ಎಂಬಾಕೆ ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಾಳೆ. ಅವಳ ಅತ್ತೆ ಹಾಸಿಗೆ ಹಿಡಿದ ಮುದುಕಿ. ಅತ್ತೆಯನ್ನು ಪ್ಲಾಸ್ಟಿಕ್ ಕುರ್ಚಿ ಮೇಲೆ ಕೂರಿಸಿ ನಾಲ್ಕು ಜನ ಎತ್ತಿಕೊಂಡು ಆ ಮಳೆಯಲ್ಲಿ ಏರು ಹತ್ತಿದರು. ಹಿಂದೆ ತಳ್ಳುಗಾಡಿಯಲ್ಲಿ ಎರಡು ಚೀಲ ಹಿಟ್ಟು. ಮೇಲೆ ಹೊದಿಸಿದ ತಾಡಪತ್ರಿ ಹರಿದಿತ್ತು, ಹಿಟ್ಟು ಪೂರ್ತಿ ನೆನೆದು ಮುದ್ದೆಯಾಯಿತು. ಎಲ್ಲ ಮುಗಿದ ಮೇಲೆ ಯಾರೋ ಹೊಳೆ ಕಡೆ ಹೋಗಿ ನೋಡಿದರೆ ನೀರು ತನ್ನ ಪಾಡಿಗೆ ಕೆಳಗೆ ಹರಿಯುತ್ತಿತ್ತು, ಹತ್ತೊಂಬತ್ತು ಮೆಟ್ಟಿಲು ಬಿಟ್ಟು.

ಓಣಿಯವರೆಲ್ಲ ಚಾಚಾನ ಬಾಗಿಲಿಗೆ ಬಂದರು. ಹಾಲಮ್ಮ ಮುಂದೆ ನಿಂತಿದ್ದಳಂತೆ. "ಏನ್ರಿ ಸಾಬ್ರೆ, ನಮ್ಮ ಅತ್ತೀನ ಸಾಯಿಸ್ಬೇಕಂತ ಮಾಡೀರೇನು?" ಎಂದಳಂತೆ. ಚಾಚಾ, "ನಾನು ಹತ್ತೊಂಬತ್ತು ಅಂದಿದ್ದೆ" ಎಂದರು. ಮಂಜಣ್ಣ ಫೋನು ಮುಂದೆ ಹಿಡಿದ. ಏಳು. ಚಾಚಾನ ಮಾತೇ, ಅವರ ಧಾಟಿಯೇ.

ಆಮೇಲೆ ನನಗೆ ಫೋನು ಬಂತು. "ಬೇಟಾ, ನಾನು ಇವತ್ತು ಏಳು ಅಂದ್ನೇನು?"

ಅವರ ಅಣ್ಣ ಕೊನೆಗಾಲದಲ್ಲಿ ಮರೆವು ಹತ್ತಿ, ಹೆಂಡತಿ ಮಕ್ಕಳ ಗುರುತೂ ಸಿಗದೆ ತೀರಿಕೊಂಡಿದ್ದರು. ಅದನ್ನು ಚಾಚಾ ನನಗೆ ಎಷ್ಟೋ ಸಲ ಹೇಳಿದ್ದರು. "ಇಲ್ಲ ಚಾಚಾ, ಹತ್ತೊಂಬತ್ತೇ ಅಂದ್ರಿ. ಅದು ಹಳೇದು, ಕಂಪನಿಯೋರು ಮೇಲೆ ತಂದು ಹಾಕ್ಯಾರೆ" ಎಂದೆ. ಆಗಲೂ ಕಂಪನಿಯೋರೇ! ನನ್ನ ನಾಲಿಗೆಗೆ ಏನು ಬಂದಿತ್ತೋ.

"ಅಷ್ಟು ದೊಡ್ಡ ಕಂಪನಿ ನನ್ನ ಹಳೇ ಮಾತು ಹೆಕ್ಕಿ ತಂದು ಹಾಕ್ತೈತೇನು? ಓಣಿಯೋರು ನಂಬ್ತಾರಾ ಇದನ್ನ?" ಎಂದರು. ಓಣಿಯವರು ನಂಬಲಿಲ್ಲ. ಮುದುಕನಿಗೆ ಮರೆವು ಹತ್ತಿದೆ, ಅಣ್ಣನ ಹಾಗೇ, ಎಂದರು. ನಾನು ಸಮಾಧಾನಕ್ಕೆ ಹೇಳಿದೆನೆಂದುಕೊಂಡು ಚಾಚಾನೂ ಪೂರ್ತಿ ನಂಬಲಿಲ್ಲ. ನಾನು ಅವತ್ತೇ ಆ ಹಳೆಯ ಬರಹದ ತಲೆಗೆ ವರ್ಷ ಬರೆದೆ. ಎರಡು ದಿನ ಅಂಗಡಿ ಕೆಲಸ ಬಿಟ್ಟು ಹುಡುಕಿದೆ. ಮೇಲೆ ಕೂರುವ ಆ ಬರಹವನ್ನು ಅಲ್ಲಿಂದ ಇಳಿಸುವ ದಾರಿ ಎಲ್ಲೂ ಸಿಗಲಿಲ್ಲ. ಅಳಿಸಿಬಿಡೋಣವೇ ಎಂದರೆ ಚಾಚಾ ರಿಜಿಸ್ಟರಿನ ಹಾಳೆ ಹರಿಯಬಾರದು ಎಂದರು. ಹೇಗೂ ಆ ಹೊತ್ತಿಗೆ ಓಣಿಯವರು ಆ ಪುಟ ತೆರೆಯುವುದನ್ನೇ ಬಿಟ್ಟಿದ್ದರು.

ಆಮೇಲಿನ ದಿನಗಳಲ್ಲಿ ಚಾಚಾ ಲೆಕ್ಕ ಹೇಳುವ ರೀತಿಯೇ ಬದಲಾಯಿತು. "ಹದಿನೆಂಟು... ತಡಿ, ಇನ್ನೊಂದ್ಸಲ ಎಣಿಸ್ತೀನಿ" ಎನ್ನುತ್ತಿದ್ದರು. ಬಟ್ಟೆ ಒಗೆಯಲು ಬಂದವರನ್ನು ಕರೆದು, ನೀವೂ ಎಣಿಸ್ರಿ, ನನಗೆ ಹೇಳ್ರಿ ಎನ್ನುತ್ತಿದ್ದುದು ನನಗೆ ಫೋನಿನಲ್ಲಿ ಕೇಳಿಸುತ್ತಿತ್ತು. ಕಬ್ಬಿಣವನ್ನು ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾಗದಂತೆ ಕಡೆದ ಮನುಷ್ಯ ಹದಿನೆಂಟರವರೆಗೆ ಎಣಿಸಲು ಹೆದರುತ್ತಿದ್ದ. ಕಂಪನಿಗೆ ದೂರು ಬರೆಸುವುದನ್ನೂ ಬಿಟ್ಟರು. ಒಂದು ದಿನ, "ಸಾಕು ಬೇಟಾ. ಲೆಕ್ಕದ ಮ್ಯಾಲೆ ನನಗೇ ಧೈರ್ಯ ಇಲ್ಲ. ಇನ್ನ ಬ್ಯಾಡ" ಎಂದರು. ಬೆಳಿಗ್ಗೆ ಆರೂವರೆಗೆ ಫೋನು ಬರುವುದು ನಿಂತಿತು. ನಾನು ಉಪ್ಪಿಟ್ಟಿನ ನೀರಿನ ಮುಂದೆ ಸುಮ್ಮನೆ ನಿಂತಿರುತ್ತಿದ್ದೆ. ಹೇಳಿಬಿಡಬೇಕು ಎಂದುಕೊಳ್ಳುತ್ತಿದ್ದೆ, ಅಂಗಡಿ ಬಾಗಿಲು ತೆಗೆದ ಮೇಲೆ ಮರೆತ ಹಾಗೆ ಮಾಡುತ್ತಿದ್ದೆ. ಮಹಾ ಹೇಡಿ ನಾನು, ಅದನ್ನು ಈಗ ಬರೆಯಲು ಸಂಕೋಚವಿಲ್ಲ.

ಶ್ರಾವಣದಲ್ಲಿ ಮೇಲಿನ ಸೀಮೆಯಲ್ಲಿ ಮಳೆ ಹೊಡೆಯಿತು. ಡ್ಯಾಮಿನ ಗೇಟು ತೆಗೆದರು ಎಂದು ಟಿವಿಯಲ್ಲಿ ಬಂತು. ಮರುದಿನ ಬೆಳಿಗ್ಗೆ ಐದೂವರೆಗೇ ಫೋನು.

"ಬೇಟಾ, ಹನ್ನೆರಡು. ನಿನ್ನೆ ಸಂಜೆ ಹದಿನೇಳಿತ್ತು. ಮೂರು ಸಲ ಎಣಿಸೀನಿ." ಉಸಿರು ಎಳೆದುಕೊಂಡರು. "ಸಂಜೀ ಒಳಗ ಓಣಿಗೆ ಬರ್ತೈತೆ. ಹೋಗಿ ಹೇಳಿದೆ. ಹಾಲಮ್ಮ ಬಾಗಿಲು ಹಾಕ್ಕೊಂಡ್ಲು. ಇನ್ನೊಂದ್ಸಲ ಅತ್ತೀನ ಎತ್ತಲ್ಲ ಅಂತಾಳೆ."

ಅವತ್ತು ಉಪ್ಪಿಟ್ಟಿಗೆ ನೀರಿಡಲಿಲ್ಲ. ಆಟೋ ಹಿಡಿದು ಬಸ್ ಸ್ಟ್ಯಾಂಡಿಗೆ ಹೋಗಿ ಮೊದಲು ಸಿಕ್ಕ ಬಸ್ಸು ಹತ್ತಿದೆ. ಬಾತಿ ಎಂಬ ಊರು ದಾಟುವಾಗ ಗದ್ದೆಗಳಲ್ಲಿ ನೀರು ನಿಂತು ಬೆಳ್ಳಗೆ ಕಾಣುತ್ತಿತ್ತು. ದಾರಿಯುದ್ದ ಹೇಗೆ ಹೇಳಲಿ ಎಂದು ಮಾತು ಜೋಡಿಸಿಕೊಂಡೆ, ಹರಿಹರದಲ್ಲಿ ಇಳಿಯುವಾಗ ಒಂದೂ ನೆನಪಿರಲಿಲ್ಲ.

ಚಾಚಾ ಮೆಟ್ಟಿಲ ಮೇಲೆ ಕೊಡೆ ಹಿಡಿದು ನಿಂತಿದ್ದರು. ಪಕ್ಕ ನಿಂತು ನಾನೂ ಎಣಿಸಿದೆ. ಹನ್ನೊಂದು. ಕೆಂಪು ನೀರು ಸುತ್ತಿ ಸುತ್ತಿ ಹರಿಯುತ್ತಿತ್ತು.

"ಚಾಚಾ, ಹೊಸ ರೂಪದ ಬಟನ್ ಒತ್ತಿದ್ದು ನಾನು. ಕಂಪನಿಯೋರು ಕೇಳಿದ್ರು. ನಾನೇ ಹೂಂ ಅಂದೆ. ನೀವು ಬ್ಯಾಡ ಅಂದ ಮೇಲೂ ಒತ್ತಿದೆ."

ಅವರು ನನ್ನ ಕಡೆ ತಿರುಗಲಿಲ್ಲ. ನೀರನ್ನೇ ನೋಡುತ್ತಿದ್ದರು. ಕೊನೆಗೆ, "ನೋಡ್ರಿ ಮೇಡಂ" ಎಂದರು. ಅಷ್ಟು ವರ್ಷದಲ್ಲಿ ಒಂದು ದಿನವೂ ಹಾಗೆ ಕರೆದಿರಲಿಲ್ಲ. "ನನಗೆ ತಲಿ ಕೆಟ್ಟೈತೆ ಅನ್ಕೊಂಡಿದ್ದೆ ನಾನು. ರಾತ್ರಿ ಮಲಗೋ ಮುಂದ ಮೊಮ್ಮಕ್ಕಳ ಹೆಸರು ಹೇಳಿ ಹೇಳಿ ನೋಡ್ಕೊಂತಿದ್ದೆ, ನೆನಪೈತೋ ಇಲ್ಲೋ ಅಂತ. ನಿಮಗೆ ಗೊತ್ತಿತ್ತು. ಸುಮ್ನಿದ್ರಿ."

ನಾನು ಅತ್ತೆ. ಅಳಬೇಡ ಎಂದು ಅವರು ಹೇಳಲಿಲ್ಲ. ಅತ್ತು ಮುಗಿಯುವವರೆಗೆ ಕೊಡೆಯನ್ನು ಮಾತ್ರ ನನ್ನ ತಲೆಯ ಕಡೆ ಸ್ವಲ್ಪ ವಾಲಿಸಿದರು. ಆಮೇಲೆ, "ಬರಕೊಳ್ರಿ" ಎಂದರು.

"ಹನ್ನೊಂದು ಅಂತಾನಾ?"

"ಮೊದಲು ನಿಮ್ದು ಬರಕೊಳ್ರಿ. ನಿಮ್ಮ ಹೆಸರು ಹಾಕ್ರಿ. ತಾರೀಖು ಹಾಕ್ರಿ. ತಾರೀಖು ಹಾಕಬ್ಯಾಡ ಅಂದಿದ್ದು ನಂದು ತಪ್ಪು, ಅದು ನಂಗಿರ್ಲಿ."

ಅಲ್ಲೇ ಒದ್ದೆ ಕಲ್ಲಿನ ಮೇಲೆ ಕೂತು ಫೋನಿನಲ್ಲಿ ಬರೆದೆ. 'ನನ್ನ ಹೆಸರು ಸುಮಂಗಲಾ. ಈ ಪುಟ ಟೈಪ್ ಮಾಡುವವಳು. ಹೊಸ ರೂಪಕ್ಕೆ ಬದಲಾಯಿಸಿದವಳು ನಾನು. ಚಾಚಾ ಬೇಡ ಎಂದಿದ್ದರು. ಅವತ್ತು ನೀವು ಓದಿದ ಏಳು ಹಳೆಯ ವರ್ಷದ್ದು. ಚಾಚಾ ಅವತ್ತು ಹೇಳಿದ್ದು ಹತ್ತೊಂಬತ್ತು. ಅವರ ಲೆಕ್ಕ ಒಂದು ದಿನವೂ ತಪ್ಪಿಲ್ಲ. ತಪ್ಪು ನನ್ನದು. ಮೇಲೆ ದಪ್ಪಕ್ಷರದಲ್ಲಿ ಇರುವುದು ಇವತ್ತಿನದಲ್ಲ. ಇವತ್ತಿನದು ಅದರ ಕೆಳಗಿರುತ್ತದೆ. ತಾರೀಖು ನೋಡಿ ಓದಿ.' ಏಳು ಸಲ ಒತ್ತಿ ಪ್ರಕಟಿಸಿದೆ. ಆಮೇಲೆ ಅವತ್ತಿನ ಹನ್ನೊಂದನ್ನೂ ತಾರೀಖಿನ ಸಮೇತ ಬೇರೆಯಾಗಿ ಹಾಕಿದೆ.

ಚಾಚಾ ನನ್ನನ್ನು ಸೀದಾ ಚಾ ಅಂಗಡಿಗೆ ಕರೆದುಕೊಂಡು ಹೋದರು. ಮಂಜಣ್ಣನಿಗೆ, "ಓದಪ್ಪ. ಗಟ್ಟಿಯಾಗಿ ಓದು. ಹಾಲಮ್ಮನ ಮನಿ ಮುಂದ ನಿಂತು ಓದು" ಎಂದರು. ಮಂಜಣ್ಣ ನನ್ನ ಮುಖ ನೋಡಿದ, ಫೋನು ನೋಡಿದ, ಓದಿದ. ಓಣಿಯವರೆಲ್ಲ ಸೇರಿದರು. ನೆಲ ಬಾಯಿ ಬಿಡಬಾರದೇ ಎನ್ನಿಸಿತು ನನಗೆ. ಓದಿ ಮುಗಿಸುವಷ್ಟರಲ್ಲಿ ಹಾಲಮ್ಮ ಬಾಗಿಲು ತೆಗೆದು ಹೊಸ್ತಿಲಲ್ಲಿ ನಿಂತಿದ್ದಳು, ಕೈಯೆಲ್ಲ ಹಿಟ್ಟು.

"ನೀನೇನಾ?" ಎಂದಳು.

"ಹೂಂ."

"ಎರಡು ಚೀಲ ಹಿಟ್ಟು ಹೋತು. ನಮ್ಮತ್ತಿ ಒಂದ್ವಾರ ಜ್ವರ ಬಂದು ಮಲಗಿದ್ಲು." ನಾನು ತಲೆ ತಗ್ಗಿಸಿದೆ. ಹೊಡೆದರೂ ಹೊಡೆಯಲಿ ಎಂದುಕೊಂಡೆ. ಅವಳು ನನ್ನನ್ನು ಬಿಟ್ಟು ಚಾಚಾನ ಕಡೆ ತಿರುಗಿದಳು. "ಸಾಬ್ರೆ, ಈಗೆಷ್ಟೈತ್ರಿ?"

ಚಾಚಾ ತಡವರಿಸಲಿಲ್ಲ. "ಹನ್ನೊಂದು. ಮಧ್ಯಾಹ್ನಕ್ಕೆ ಏಳಾಗ್ತೈತೆ."

"ಆತು" ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಏ ಟೈಪಿನಕ್ಕಾ, ಅಲ್ಲಿ ನಿಂತು ಏನ್ ನೋಡ್ತೀ? ಬಾ, ಕುರ್ಚಿ ಆ ಕಡಿ ಹಿಡಿ."

ಆ ಮುದುಕಿಯನ್ನು ಎತ್ತಿಕೊಂಡು ಏರು ಹತ್ತಿದ ನಾಲ್ವರಲ್ಲಿ ಅವತ್ತು ನಾನೂ ಒಬ್ಬಳು. ಹಗುರ ಇದ್ದಳು. ದಾರಿಯುದ್ದ ನನ್ನ ಭುಜ ಹಿಡಿದುಕೊಂಡು, ಯಾರೇ ನೀನು, ಯಾರ ಮಗಳೇ ಎಂದು ಕೇಳುತ್ತಿದ್ದಳು. ಹಿಟ್ಟಿನ ಚೀಲಗಳು ಈ ಸಲ ಎಲ್ಲಕ್ಕಿಂತ ಮೊದಲು ಒಣ ಜಾಗ ಸೇರಿದವು. ಮಧ್ಯಾಹ್ನ ಏಳಾಯಿತು. ಸಂಜೆಗೆ ಮೂರು. ಹಾಲಮ್ಮನ ಮನೆಯೊಳಗೆ ಮೊಳಕಾಲು ನೀರು ಎರಡು ದಿನ ನಿಂತಿತ್ತು. ಒಂದು ಜೀವಕ್ಕೂ ಏನೂ ಆಗಲಿಲ್ಲ.

ನನ್ನ ಬರಹವನ್ನು ಮಾತ್ರ ಹರಿಹರವೆಲ್ಲ ಓದಿತು. ಶಾಲೆಯಲ್ಲಿ ಕೂತವರು ನೆಂಟರಿಗೆ ಕಳಿಸಿದರು, ನೆಂಟರು ಅವರ ನೆಂಟರಿಗೆ. ದಾವಣಗೆರೆ ಕೋರ್ಟಿನ ಗಲ್ಲಿಗೂ ಬಂತು. "ಏನ್ ಮೇಡಂ, ತಪ್ಪು ನಿಮ್ದಂತೆ?" ಎಂದು ವಕೀಲರು ಕೇಳಿಕೊಂಡು ಹೋದರು. ಹದಿನೈದು ದಿನದಲ್ಲಿ ಆ ದರಿದ್ರ ಯಂತ್ರ ಮತ್ತೆ ಲೆಕ್ಕ ಹಾಕಿತು. ಹಳೆಯ ಏಳನ್ನು ಕೆಳಗಿಳಿಸಿ, ನನ್ನ ತಪ್ಪೊಪ್ಪಿಗೆಯನ್ನು ದಪ್ಪಕ್ಷರದಲ್ಲಿ ನೆತ್ತಿಯ ಮೇಲೆ ಕೂರಿಸಿತು. ಅವತ್ತಿನಿಂದ ಇವತ್ತಿನವರೆಗೂ ಅಲ್ಲೇ ಕೂತಿದೆ. ಬೆಳಿಗ್ಗೆ ಆರೂವರೆಗೆ ಮತ್ತೆ ಫೋನು ಬರತೊಡಗಿ ಒಂದು ತಿಂಗಳಾದ ಮೇಲೆ ಚಾಚಾ ನನ್ನನ್ನು ಪುನಃ ಬೇಟಾ ಎಂದರು. ಅಲ್ಲಿಯವರೆಗೆ ಮೇಡಂ. ಆ ಒಂದು ತಿಂಗಳು ನಾನು ಹೇಗೆ ಕಳೆದೆನೋ ನನಗೇ ಗೊತ್ತು.

ಹೋದ ವಾರ ರಾಣೆಬೆನ್ನೂರಿನಿಂದ ಬರುವಾಗ ಹರಿಹರದಲ್ಲಿ ಇಳಿದೆ. ಚಾಚಾ ಮಂಜಣ್ಣನ ಅಂಗಡಿಯ ಬೆಂಚಿನ ಮೇಲೆ, ಕೋಲನ್ನು ಮಂಡಿಗೆ ಒರಗಿಸಿ ಕೂತಿದ್ದರು. ಹಾಲಮ್ಮ ಬಂದಳು, ಅತ್ತೆ ಇನ್ನೂ ಇದ್ದಾಳೆ ಎಂದಳು. ಅವತ್ತೇ ಬೆಳಿಗ್ಗೆ ಬ್ಲಾಗಿನ ಕಂಪನಿಯಿಂದ ಒಂದು ಸಂದೇಶ ಬಂದಿತ್ತು. ಅದನ್ನೂ ಚಾಚಾನಿಗೆ ತೋರಿಸಬೇಕೆಂದುಕೊಂಡಿದ್ದೆ. ಮತ್ತೆ ಹೊಸ ರೂಪ ಬಂದಿದೆಯಂತೆ. ಏನೇನು ಸುಧಾರಿಸಿದ್ದೇವೆ ಎಂದು ಉದ್ದ ಪಟ್ಟಿ. ಈ ಸಲ ಪೂರ್ತಿ ಓದಿದ್ದೆ. ಮೂರನೆಯದು: 'ಮೇಲೆ ಕಾಣುವ ಬರಹವನ್ನು ನಿಮಗೆ ಬೇಡವಾದರೆ ತೆಗೆಯಬಹುದು.' ಆ ಮಳೆಗಾಲದಲ್ಲಿ ಎರಡು ದಿನ ಅಂಗಡಿ ಬಿಟ್ಟು ನಾನು ಹುಡುಕಿದ್ದು ಇದನ್ನೇ.

ಗಟ್ಟಿಯಾಗಿ ಓದಿ ಹೇಳಿದೆ. ಮಂಜಣ್ಣ ಸೋಸುತ್ತಿದ್ದ ಚಾ ಹಾಗೇ ಹಿಡಿದ. ಹಾಲಮ್ಮ, "ತಗೀತೀಯೇನೆ ಮತ್ತೆ? ನಮ್ಮತ್ತಿಗೆ ಎಲ್ಲಾ ಮರೆತೈತೆ, ಅದೊಂದು ಬಾಯಿಪಾಠ ಐತೆ ನೋಡು" ಎಂದು ನಕ್ಕಳು.

"ಚಾಚಾ, ನೀವೇನಂತೀರಿ?"

"ನಾನೇನ್ 'ಬ್ಯಾಡ' ಅಂದ್ರೆ ನೀನು ಕೇಳ್ತೀಯಾ?" ಎಂದರು. ಬೆಂಚಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆಮೇಲೆ ಅವರ ಮುಂದೆಯೇ ಫೋನು ಹಿಡಿದು, ಹೊಸ ರೂಪ ಬೇಕೇ ಎಂದು ಅದು ಕೇಳಿದ್ದಕ್ಕೆ 'ಬೇಡ' ಎಂದು ಒತ್ತಿದೆ. ಖಚಿತವೇ ಎಂದು ಕೇಳಿತು. ಖಚಿತ ಎಂದು ಒತ್ತಿದೆ.

ಮರುದಿನ ಆರೂವರೆಗೆ ಒಲೆ ಮೇಲೆ ನೀರಿಟ್ಟಿದ್ದೆ, ಫೋನು ಬಂತು. "ಬರಕೋ ಬೇಟಾ. ಇಪ್ಪತ್ತೆರಡು ಕಾಣ್ತಾವೆ. ನೀರು ಕೆಂಪು." ನಾನು ಮೊದಲು ತಾರೀಖು ಬರೆದೆ.